ಅವ್ವನ ಗ್ಯಾಸು, ಅವ್ವನ ಮುದ್ದೆ

ಊರಿಗೆ ಹೋದರೆ ನಾನು ಮೊದಲು ಸಿಲಿಂಡರ್ ಎತ್ತಿ ನೋಡುತ್ತೇನೆ. ಈ ಸಲವೂ ಭಾರ ಇತ್ತು. ಯುಗಾದಿಗೆ ತಂದದ್ದು, ದಸರಾ ಬಂದರೂ ಮುಗಿದಿಲ್ಲ.

ತುರುವೇಕೆರೆ ಕಡೆಯ ನಮ್ಮೂರಲ್ಲಿ ಅವ್ವನ ಹೆಸರಿಗೆ ಸರ್ಕಾರದ ಉಜ್ವಲಾ ಯೋಜನೆಯ ಗ್ಯಾಸ್ ಕನೆಕ್ಷನ್ ಬಂದದ್ದು 2018ರಲ್ಲಿ. ಟೀ, ಉಪ್ಪಿಟ್ಟು ಗ್ಯಾಸಿನ ಮೇಲೆ. ಮುದ್ದೆ ಮಾತ್ರ ಸೌದೆ ಒಲೆಯಲ್ಲೇ. ಅಡುಗೆಮನೆ ಹೆಂಚಿನ ತುಂಬ ಇಲ್ಲಣ, ಅವ್ವನಿಗೆ ಕೆಮ್ಮು. ನಾನು ಬೈಯುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ.

ಹಿಟ್ಟು ಬೆಂದ ಮೇಲೆ ಕೋಲು ಹಾಕಿ ತಿರುವಬೇಕಲ್ಲ, ಅದಕ್ಕೆ ಮೈಯ ಭಾರವೆಲ್ಲ ಬೇಕು. ಮಣ್ಣಿನ ಒಲೆಯಲ್ಲಿ ತಪ್ಪಲೆ ಕಚ್ಚಿಕೊಂಡು ಕೂರುತ್ತದೆ. ಗ್ಯಾಸಿನ ಮೇಲೆ ತಪ್ಪಲೆ ಜಾರುತ್ತದೆ, ಜೊತೆಗೆ ಸ್ಟೌವೂ ಹೊರಡುತ್ತದೆ. ‘ಕೆಳಗಿಳಿಸಿ ತಿರುವು’ ಅಂದೆ. ‘ಆರಿದರೆ ಗಂಟು ಉಳೀತದೆ, ನೀನು ತಿಂತೀಯಾ?’ ಅಂದಳು. ಸ್ಟೌವನ್ನೇ ನೆಲಕ್ಕಿಡೋಣ ಅಂದರೆ, ಅದು ಸಿಲಿಂಡರಿಗಿಂತ ಎತ್ತರದಲ್ಲೇ ಇರಬೇಕು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ.

ಹಿಂದೆ ಅಸ್ತ್ರ ಅನ್ನೋ ಸುಧಾರಿತ ಸೌದೆ ಒಲೆಯೂ ಹಾಕಿಸಿದ್ದೆವು. ಬೆಂಗಳೂರಿನ ಐಐಎಸ್‌ಸಿಯವರು ರೂಪಿಸಿದ್ದು, ಹೊಗೆ ಕೊಳವೆ ಇತ್ತು. ಕೊಳವೆಗೆ ಮಸಿ ಕಟ್ಟಿತು, ತೆಗೆಯುವವರಿಲ್ಲ. ಅಪ್ಪ ಒಡೆದು ಹಾಕಿದ.

ಇನ್ನು ದುಡ್ಡಿನ ಮಾತು. 14.2 ಕೆಜಿ ಸಿಲಿಂಡರಿಗೆ ಅವ್ವನ ಎರಡು ಮೂರು ದಿನದ ಕೂಲಿ ಒಂದೇ ಸಲ ಕೊಡಬೇಕು. 300 ರೂಪಾಯಿ ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ, ನಿಜ. ಅದು ಬಂತಾ ಅಂತ ನೋಡೋಕೆ ಪೇಟೆಗೆ ಹೋದರೆ ಆ ದಿನದ ಕೂಲಿ ಖೋತಾ. ತೋಟದಲ್ಲಿ ಬಿದ್ದ ತೆಂಗಿನ ಗರಿ, ಮಟ್ಟೆ ಸುಮ್ನೆ ಸಿಗುತ್ತವೆ. ಅವಳಿಗೆ ತಿಳಿವಳಿಕೆ ಇಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಲೆಕ್ಕ ಬಾರದವನು ನಾನೇ. ಐದು ಕೆಜಿ ಸಿಲಿಂಡರಾದರೂ ಕೊಡಿಸೋಣ ಅಂತ ಕೇಳಿದರೆ ಸ್ಟಾಕ್ ಇಲ್ಲ ಅಂದರು.

ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿದೆ. ಅದನ್ನು ಕಟ್ಟೆಗೆ ಬೋಲ್ಟ್ ಹಾಕಿ ಬಿಗಿಸಿ, ಒಳಗೆ ಸ್ಟೌವ್ ಇಟ್ಟೆ. ಮೇಲೆ ತಪ್ಪಲೆಯ ಕಂಠಕ್ಕೆ ಒಂದು ಬಳೆ. ಅವ್ವನಿಗೆ ಕೈ ಎಟುಕಲಿ ಅಂತ ಕೆಳಗೆ ಮಣೆ ಹಾಕಿದೆ. ಅವಳು ಮಣೆ ಮೇಲೆ ನಿಂತು ತಿರುವಿದಳು. ತಪ್ಪಲೆ ಅಲುಗಲಿಲ್ಲ.

‘ಪರವಾಗಿಲ್ಲ ಕಣೋ’ ಅಂದಳು. ‘ಹಂಡೆ ನೀರೂ ಇದರಲ್ಲೇ ಕಾಯಿಸು ಅಂತ ಮಾತ್ರ ಅನ್ನಬೇಡ.’