ಡ್ಯಾನ್ಯೂಬ್ ದಂಡೆಯಲ್ಲಿ ಹಿಂದಕ್ಕೆ ತುಳಿದದ್ದು

ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಗುಂಟ ಸುಮಾರು 320 ಕಿ.ಮೀ. ಸೈಕಲ್ ತುಳಿಯಲು ನನಗೆ ಎಂಟು ದಿನ ಹಿಡಿಯಿತು. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಸಾಗುವ ಯೂರೋವೆಲೋ 6 ಎಂಬ ಸೈಕಲ್ ಮಾರ್ಗದ ಒಂದು ತುಂಡು ಇದು. ಹಿಂದೆ ಕುದುರೆಗಳು ಪ್ರವಾಹಕ್ಕೆ ಎದುರಾಗಿ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ದಾರಿಯೇ ಹಲವೆಡೆ ಸೈಕಲ್ ದಾರಿಯಾಗಿರುವುದರಿಂದ ಏರು ಕಡಿಮೆ, ವಾಹನಗಳ ಕಾಟವೂ ಅಪರೂಪ. ಇಂಥ ದಾರಿಯಲ್ಲಿ ನನ್ನನ್ನು ಅಪಾಯಕ್ಕೆ ಒಡ್ಡಿದ್ದು ಊರಿನಿಂದ ಹೊತ್ತು ತಂದ ನನ್ನ ಅಭ್ಯಾಸಗಳೇ.

ಪಾಸೌನಲ್ಲಿ ಬಾಡಿಗೆಗೆ ಪಡೆದ ಸೈಕಲ್ಲಿನಲ್ಲಿ ಮುಂದಿನ ಚಕ್ರದ ಬ್ರೇಕ್ ಎಡಗೈಗೆ ಇತ್ತು; ನಮ್ಮಲ್ಲಿ ಅದು ಬಲಗೈಗೆ. ಅದು ಸಾಲದೆಂಬಂತೆ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಚಕ್ರವನ್ನು ಹಿಡಿಯುವ ಬ್ರೇಕ್ ಬೇರೆ. ಓಡುವ ಸೈಕಲ್ಲಿನ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸಿ ಫ್ರೀವೀಲಿನ ಕಟಕಟ ಸದ್ದು ಕೇಳುವ ಚಟ ನನಗೆ ಹೈಸ್ಕೂಲಿನ ದಿನಗಳಿಂದಲೂ ಇದೆ. ಮೊದಲ ದಿನವೇ ಒಂದು ಇಳಿಜಾರಿನಲ್ಲಿ ಕಾಲು ತನ್ನಷ್ಟಕ್ಕೆ ಹಿಂದಕ್ಕೆ ಹೋಯಿತು, ಚಕ್ರ ಕರಕ್ಕನೆ ಬಿಗಿದು ಜಲ್ಲಿಯ ಮೇಲೆ ಒಂದು ಮಾರು ಜಾರಿತು. ಹಿಂದಿದ್ದ ವೃದ್ಧ ದಂಪತಿ ಗಂಟೆ ಬಾರಿಸಿ ಪಕ್ಕಕ್ಕೆ ಸರಿಯದಿದ್ದರೆ ಮೂವರೂ ಬೀಳುತ್ತಿದ್ದೆವು.

ಬಲಬದಿಯ ಸಂಚಾರ ನಗರಗಳಲ್ಲಿ ನನಗೆ ಕಷ್ಟವೆನಿಸಲಿಲ್ಲ, ಏಕೆಂದರೆ ಅಲ್ಲಿ ಉಳಿದವರನ್ನು ಹಿಂಬಾಲಿಸಿದರಾಯಿತು. ಎಡವಟ್ಟಾಗುತ್ತಿದ್ದುದು ರಸ್ತೆ ಖಾಲಿಯಿದ್ದಾಗ. ಶ್ಲೋಗನ್ ಬಳಿ ನದಿ ಹಿಂದಕ್ಕೆ ಹೊರಳುವ ತಿರುವಿನಲ್ಲಿ ದೋಣಿಯಿಂದ ಇಳಿದು, ನಿಶ್ಶಬ್ದವಾದ ದಾರಿಯಲ್ಲಿ ನಾನು ನಿಶ್ಚಿಂತೆಯಿಂದ ಎಡಕ್ಕೆ ಸಾಗಿದ್ದೆ. ಎದುರಿಗೆ ಟ್ರ್ಯಾಕ್ಟರ್ ಬಂದಾಗಲೇ ಅರಿವಾದದ್ದು. ಅಂದಿನಿಂದ ಪ್ರತಿ ವಿರಾಮದ ನಂತರ ಹೊರಡುವಾಗ ‘ಬಲಕ್ಕೆ’ ಎಂದು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದೆ. ಹಿಂದಿನ ವಾಹನಗಳು ಎಡಗಡೆಯಿಂದ ಮುಂದೆ ಹೋಗುವುದರಿಂದ ಕನ್ನಡಿಯನ್ನೂ ಎಡಹಿಡಿಗೆ ಕಟ್ಟಿಕೊಂಡೆ.

ಆಸ್ಟ್ರಿಯಾದಲ್ಲಿ ಸೈಕಲ್ಲನ್ನು ದಾಟುವ ಕಾರು ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಅಂತರ ಬಿಡಬೇಕೆಂಬ ನಿಯಮವಿದೆ, ಬಹುತೇಕರು ಬಿಟ್ಟರು ಕೂಡ. ಹೆಲ್ಮೆಟ್ ಕಡ್ಡಾಯವಿರುವುದು 12 ವರ್ಷದೊಳಗಿನವರಿಗೆ ಮಾತ್ರ. ಆದರೂ ನಾನು ಅದನ್ನು ತೆಗೆಯಲಿಲ್ಲ. ಲಿನ್ಸ್ ನಗರದಲ್ಲಿ ಮಳೆಯಲ್ಲಿ ನೆನೆದ ಟ್ರಾಮ್ ಹಳಿಯನ್ನು ಓರೆಯಾಗಿ ದಾಟಲು ಹೋದಾಗ ಮುಂದಿನ ಚಕ್ರ ಸಂದಿಗೆ ಸಿಕ್ಕಿತು, ಮೊಣಕೈ ತರಚಿತು, ಹೆಲ್ಮೆಟ್ಟಿನ ಬಲಬದಿಯಲ್ಲಿ ಹೆಬ್ಬೆರಳಗಲದ ಬಿರುಕು ಬಿತ್ತು. ಹಳಿಯನ್ನು ಆದಷ್ಟೂ ಅಡ್ಡಲಾಗಿಯೇ ದಾಟಬೇಕೆಂದು ಓದಿ ತಿಳಿದಿದ್ದೆ. ವಿಯೆನ್ನಾದಲ್ಲಿ ಮಾತ್ರ ಇಳಿದು, ತಳ್ಳಿಕೊಂಡೇ ದಾಟಿದೆ.