ಕೆಂಪು ಲೈಟ್ ಹತ್ತಿತ್ತು, ಆಯಿಲ್ ಮಾತ್ರ ಫುಲ್ ಇತ್ತು

ಎಳ್ಳ ಅಮಾಸಿಗೆ ಭೂಮಿತಾಯಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗಿದ್ವಿ. ನಮ್ಮ ಹೊಲ ಅಣ್ಣಿಗೇರಿ ಹತ್ರ, ಹುಬ್ಬಳ್ಳಿ-ಗದಗ ರೋಡಿನಿಂದ ಒಳಗ ಎರಡು ಕಿಲೋಮೀಟರ್ ಚಕ್ಕಡಿ ದಾರಿ. ಪ್ರತಿ ವರ್ಷ ಕಾರ್ ರೋಡಿನ ಬಾಜೂಕ ಬಿಟ್ಟು ಟ್ರ್ಯಾಕ್ಟರ್‌ನ್ಯಾಗ ಹೋಗ್ತಿದ್ವಿ, ಈ ಸಲ ನಮ್ಮ ಅತ್ತಿಯವರಿಗೆ ಮೊಣಕಾಲು ನೋವು ಭಾಳ ಆಗಿತ್ತು, ಟ್ರ್ಯಾಕ್ಟರ್ ಹತ್ತಾಕ ಆಗಂಗಿಲ್ಲ ಅಂದ್ರು, ಅದಕ್ಕ ನಾನು ಕಾರನ್ನೇ ಒಳಗ ತಗೊಂಡ್ ಹೋದೆ. ಐದು ಮಂದಿ, ಡಿಕ್ಕಿ ತುಂಬ ಬುತ್ತಿ ಗಂಟು, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಗುರೆಳ್ಳ ಹಿಂಡಿ, ಎಳ್ಳ ಹೋಳಿಗಿ, ಎರಡು ನೀರಿನ ಕ್ಯಾನು. ಎರಿ ಹೊಲದ ದಾರಿ ಹೆಂಗಿರ್ತೈತಿ ಅಂತ ಈ ಕಡೆಯವರಿಗೆ ಹೇಳೋದು ಬ್ಯಾಡ, ಮಳಿಗಾಲದಾಗ ಗಾಲಿ ಇಳಿದ ಇಳಿದ ಎರಡೂ ಕಡೆ ತಗ್ಗಾಗಿ ನಡುವ ದಿಣ್ಣಿ ಎದ್ದಿರ್ತೈತಿ, ಎಳ್ಳ ಅಮಾಸಿ ಹೊತ್ತಿಗೆ ಆ ದಿಣ್ಣಿ ಒಣಗಿ ಕಲ್ಲಿನಂಗ ಆಗಿರ್ತೈತಿ. ಕಾರು ಮೊದಲ ತಗ್ಗು, ಮ್ಯಾಲೆ ಐದು ಮಂದಿ ಭಾರ, ಒಂದು ಕಡೆ ಗಾಲಿ ಇಳಿದು ಕೆಳಗ ಧಡ್ ಅಂತ ಬಡೀತು. ಇಳಿದು ಬಗ್ಗಿ ನೋಡಿದೆ, ಏನೂ ಸೋರ್ತಿರಲಿಲ್ಲ. ಬಿಡು, ಏನಾಗಿಲ್ಲ ಅಂತ ಮುಂದ ಹೋದ್ವಿ, ಚರಗ ಚೆಲ್ಲಿ ಊಟ ಮಾಡಿ ಕಡ್ಲಿ ಗಿಡ ಕಿತ್ಕೊಂಡು ಸಂಜಿ ನಾಲ್ಕಕ್ಕ ಹೊಳ್ಳಿ ಹೊಂಟ್ವಿ.

ಚಕ್ಕಡಿ ದಾರ್ಯಾಗ ಏನೂ ಆಗಲಿಲ್ಲ. ಡಾಂಬರ್ ರೋಡಿಗೆ ಬಂದು ಹುಬ್ಬಳ್ಳಿ ಕಡೆ ತಿರುಗಿಸಿ ಎಪ್ಪತ್ತರ ಸ್ಪೀಡ್ ಮುಟ್ಟಿದ ಮ್ಯಾಲೆ ಮೀಟರ್‌ನ್ಯಾಗ ಆ ಎಣ್ಣಿ ಗಿಂಡಿ ಚಿತ್ರ ಕೆಂಪಗ ಮಿಣಕ್ ಅಂತು, ಹೋತು, ಮತ್ತ ಬಂತು. ಸೈಡಿಗೆ ಹಚ್ಚಿ ಇಂಜಿನ್ ಬಂದ್ ಮಾಡಿದೆ.

ನಮ್ಮ ಮೈದುನ ಹಿಂದ ಕುಂತಿದ್ದ, ಇಳಿದು ಬಾನೆಟ್ ತೆಗೆದು ಆಯಿಲ್ ಕಡ್ಡಿ ಎಳೆದು ನೋಡಿದ. ಆಯಿಲ್ ಸರಿಯಾಗಿ ಮ್ಯಾಲಿನ ಗುರ್ತಿನ ಮಟ ಐತಿ. "ವೈನಿ, ಆಯಿಲ್ ಫುಲ್ ಐತ್ರಿ, ಸೆನ್ಸರ್ ಹೋಗಿರ್ಬೇಕು, ನಡೀರಿ" ಅಂದ. ಚಾಲೂ ಮಾಡಿ ನೋಡಿದ್ವಿ, ನಿಂತಲ್ಲೆ ಐಡ್ಲಿಂಗ್‌ನ್ಯಾಗ ಲೈಟ್ ಇಲ್ಲ. "ನೋಡ್ರಿ, ಹೋತು" ಅಂದ. ಆಗ ನಾನು ಆಕ್ಸಲರೇಟರ್ ಸ್ವಲ್ಪ ಒತ್ತಿದೆ, ಲೈಟ್ ಹತ್ತಿತು. ಬಿಟ್ಟೆ, ಆರಿತು. ಅಷ್ಟ ನೋಡಿ ತಿರುಗಿ ಬಂದ್ ಮಾಡಿಬಿಟ್ಟೆ, ಇಲ್ಲಿಂದ ಈ ಗಾಡಿ ತನ್ನ ಕಾಲಿನ ಮ್ಯಾಲೆ ಹೋಗಂಗಿಲ್ಲ ಅಂದೆ. ಅತ್ತಿಯವರಿಗೆ ಗಾಬರಿ, ಹೊತ್ತು ಮುಳುಗಾಕ ಬಂದೈತಿ, ಎಲ್ಲಾರಿಗೂ ಮನಿ ಮುಟ್ಟಿದ್ರ ಸಾಕಾಗಿತ್ತು. ಆದ್ರ ಆ ಲೈಟ್ ವಿಷಯದಾಗ ನಾನು ಯಾರ ಮಾತೂ ಕೇಳಂಗಿಲ್ಲ, ಅದಕ್ಕ ಕಾರಣ ಐತಿ.

ನಮ್ಮ ಅಪ್ಪಾರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ರು. ಆಗಿನ ಬಸ್ಸಿನ್ಯಾಗ ಲೈಟ್ ಜೊತಿಗೆ ಆಯಿಲ್ ಪ್ರೆಶರ್‌ದು ಮುಳ್ಳಿನ ಮೀಟರ್ ಬ್ಯಾರೇನ ಇರ್ತಿತ್ತು, ಅಪ್ಪಾರು ರೋಡ್ ನೋಡಿದಷ್ಟ ಆ ಮುಳ್ಳು ನೋಡ್ತಿದ್ರು. "ಡೀಸೆಲ್ ತೀರಿದ್ರ ಗಾಡಿ ನಿಲ್ತೈತಿ, ಆಯಿಲ್ ಪ್ರೆಶರ್ ತೀರಿದ್ರ ಇಂಜಿನ್ ಸಾಯ್ತೈತಿ" ಅಂತ ಹೇಳ್ತಿದ್ರು. ಅವರ ಮಾತು ಕೇಳಿ ಬೆಳೆದ ನಮ್ಮ ಅಣ್ಣನ ಒಂದು ಸಲ ಅದನ್ನ ಮರೆತ. ಹಾವೇರಿಯಿಂದ ಬರ್ತಿದ್ದ, ಎರಡು ದಿನದ ಹಿಂದ ಒಂದು ಗ್ಯಾರೇಜಿನ್ಯಾಗ ಆಯಿಲ್ ಚೇಂಜ್ ಮಾಡಿಸಿದ್ದ. ಬಂಕಾಪುರ ದಾಟಿದ ಮ್ಯಾಲೆ ಕೆಂಪು ಲೈಟ್ ಬಂತು, ಶಿಗ್ಗಾವಿಯೊಳಗ ಯಾವುದರ ಗ್ಯಾರೇಜ್ ಸಿಗ್ತೈತಿ, ಅಲ್ಲಿ ತೋರಿಸಿದ್ರಾತು ಅಂತ ಹಂಗ ಓಡಿಸಿದ. ಶಿಗ್ಗಾವಿ ಮುಟ್ಟಲೇ ಇಲ್ಲ. ಮೊದಲು ಟಕಟಕ ಸಪ್ಪಳ, ಆಮ್ಯಾಲೆ ಕಬ್ಬಿಣ ಕುಟ್ಟಿದಂಗ ಸಪ್ಪಳ, ಆಮ್ಯಾಲೆ ಇಂಜಿನ್ ಜಾಮ್. ಬಿಚ್ಚಿ ನೋಡಿದ್ರ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೆ ಅಂಟ್ಕೊಂಡು ಉಳಿದಿತ್ತು, ಅದನ್ನ ತೆಗೀದಂಗ ಅದರ ಮ್ಯಾಲೆ ಹೊಸಾ ಫಿಲ್ಟರ್ ಕೂಡಿಸಿದ್ರು. ಎರಡು ರಿಂಗ್ ಒಂದರ ಮ್ಯಾಲೊಂದು ಕುಂತ್ರ ಒಂದೆರಡು ದಿನ ತಡೀತೈತಿ, ಪ್ರೆಶರ್ ಜೋರಾದಾಗ ಜಾರಿ ಹೋಗಿ ಎಲ್ಲಾ ಆಯಿಲ್ ರೋಡಿಗೆ ಚೆಲ್ಲತೈತಿ. ಐದಾರು ಕಿಲೋಮೀಟರ್ ಓಡಿಸಿದ್ದಕ್ಕ ಇಡೀ ಇಂಜಿನ್ ಹೋತು. ನೀವು ಆಯಿಲ್ ಚೇಂಜ್ ಮಾಡಿಸುವಾಗ ಅಲ್ಲೇ ನಿಂದ್ರಿ, ಬಿಚ್ಚಿದ ಫಿಲ್ಟರ್ ಕೈಯಾಗ ತಗೊಂಡು ಅದರ ರಬ್ಬರ್ ಅದರಾಗ ಐತೋ ಇಲ್ಲೋ ನೋಡ್ರಿ, ಅರ್ಧ ನಿಮಿಷದ ಕೆಲಸ.

ಇನ್ನ ಆ ಲೈಟ್ ಏನು ಹೇಳ್ತೈತಿ ಅನ್ನೋ ವಿಷಯ. ಭಾಳ ಮಂದಿ ಅದು ಆಯಿಲ್ ಕಡಿಮಿ ಆಗೇತಿ ಅಂತ ಹೇಳೋ ಲೈಟ್ ಅಂತ ತಿಳಕೊಂಡಾರ. ಕೆಂಪು ಲೈಟ್ ಆಯಿಲ್ ಎಷ್ಟು ಐತಿ ಅಂತ ನೋಡಂಗೇ ಇಲ್ಲ, ಅದು ನೋಡೋದು ಪ್ರೆಶರ್. ಕೆಲವು ಕಾರಿನ್ಯಾಗ ಆಯಿಲ್ ಮಟ್ಟಕ್ಕ ಹಳದಿ ಬಣ್ಣದ ಲೈಟ್ ಬ್ಯಾರೇ ಇರ್ತೈತಿ, ಅದು ಬಂದ್ರ ನೋಡ್ಕೊಂಡು ಹಾಕ್ಸಬಹುದು, ಕೆಂಪು ಬಂದ್ರ ನಿಂದ್ರಬೇಕು. ಇಂಜಿನ್ ಕೆಳಗ ಒಂದು ತಟ್ಟಿ ಇರ್ತೈತಿ, ನಮ್ಮ ಕಡೆ ಮಿಸ್ತ್ರಿಗಳು ಅದಕ್ಕ ಚೇಂಬರ್ ಅಂತಾರ, ಆಯಿಲ್ ಎಲ್ಲಾ ಅಲ್ಲಿ ನಿಂತಿರ್ತೈತಿ. ಅದರಾಗ ಒಂದು ಪೈಪು, ಪೈಪಿನ ಬಾಯಿಗೆ ಜಾಳಿಗಿ, ಆ ಜಾಳಿಗಿಯಿಂದ ಪಂಪು ಆಯಿಲ್ ಹೀರಿ ಫಿಲ್ಟರ್ ದಾಟಿಸಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸೋ ದಪ್ಪ ಕಂಬಿ) ಬೇರಿಂಗಿಗೆ, ಮ್ಯಾಲೆ ವಾಲ್ವ್ ತೆಗಿಯೋ ಕ್ಯಾಮ್ ಶಾಫ್ಟಿಗೆ, ಟರ್ಬೋ ಇದ್ರ ಟರ್ಬೋಕ್ಕ ಕಳಸ್ತೈತಿ. ಇಂಜಿನ್ ಓಡುವಾಗ ಕ್ರ್ಯಾಂಕು ಬೇರಿಂಗಿಗೆ ತಾಗಿ ತಿರುಗಂಗಿಲ್ಲ, ನಡುವ ಕೂದಲಕಿಂತ ತೆಳ್ಳಗ ಆಯಿಲ್ ಪದರ ಇರ್ತೈತಿ, ಅದರ ಮ್ಯಾಲೆ ತೇಲ್ತಿರ್ತೈತಿ. ಪ್ರೆಶರ್ ಇಲ್ಲ ಅಂದ್ರ ಆ ಪದರ ಇಲ್ಲ, ಕಬ್ಬಿಣಕ್ಕ ಕಬ್ಬಿಣ ತಿಕ್ಕತೈತಿ.

ಮೈದುನಗ ರೋಡಿನ ಬಾಜೂಕ ನಿಂತು ನಾನು ಹೇಳಿದ್ದು ಇಷ್ಟ, "ಹೋದ ವರ್ಷ ಕೃಷಿ ಹೊಂಡದಾಗ ನೀರು ತುಂಬಿತ್ತು, ಮೋಟರ್ ಓಡ್ತಿತ್ತು, ಪೈಪಿಗೆ ನೀರು ಬರ್ಲಿಲ್ಲ, ಯಾಕ ಹೇಳು?" ಅಂವ ಒಂದು ಗಳಿಗಿ ಸುಮ್ಮನ ನಿಂತು "ಪೈಪಿನ ತಳದ ಫುಟ್‌ವಾಲ್ ಕಟ್ಟಿತ್ತು" ಅಂದ. ಆಯಿಲ್ ಕಡ್ಡಿ ತೋರಿಸೋದು ಹೊಂಡದಾಗಿನ ನೀರು, ಲೈಟ್ ಹೇಳೋದು ಪೈಪಿನಾಗಿನ ನೀರು. ಅಂವ ಮುಂದ ಏನೂ ಮಾತಾಡದ ತಾನ ಟೋಯಿಂಗ್ ಗಾಡಿಗೆ ಫೋನ್ ಹಚ್ಚಿದ. ಅತ್ತಿಯವರನ್ನ, ಮಕ್ಕಳನ್ನ ಅಣ್ಣಿಗೇರಿಯಿಂದ ಬಂದ ನೆಂಟರ ಗಾಡ್ಯಾಗ ಕಳಿಸಿದ್ವಿ.

ಸೆನ್ಸರ್ ಹೋಗೋದೇ ಇಲ್ಲ ಅಂತ ನಾನು ಹೇಳಾಕತ್ತಿಲ್ಲ, ಭಾಳ ಸಲ ಅದ ಹೋಗಿರ್ತೈತಿ. ಭಾಳಷ್ಟು ಗಾಡ್ಯಾಗ ಅದು ಸಣ್ಣ ಸ್ವಿಚ್ ಅಷ್ಟ, ಇಂಜಿನ್ ಬ್ಲಾಕಿಗೆ, ಹೆಚ್ಚಾಗಿ ಫಿಲ್ಟರ್ ಹತ್ರ, ತಿರುವಿ ಕೂಡಿಸಿರ್ತಾರ. ಪ್ರೆಶರ್ ಇಲ್ಲದಾಗ ಸ್ವಿಚ್ ಕೂಡಿರ್ತೈತಿ, ಲೈಟ್ ಹತ್ತತೈತಿ. ಆಯಿಲ್ ಬಂದು ಒಳಗಿನ ಪರದೆ ಒತ್ತಿದ್ರ ಸ್ವಿಚ್ ಬಿಡ್ತೈತಿ, ಲೈಟ್ ಆರ್ತೈತಿ. ಅದಕ್ಕ ಚಾವಿ ತಿರುವಿದ ಕೂಡ್ಲೆ, ಇಂಜಿನ್ ಚಾಲೂ ಆಗೋಕಿಂತ ಮೊದಲು ಆ ಲೈಟ್ ಹತ್ತಲೇಬೇಕು, ಚಾಲೂ ಆದ ಎರಡು ಮೂರು ಸೆಕೆಂಡಿನ್ಯಾಗ ಆರಬೇಕು. ಹತ್ತಲೇ ಇಲ್ಲ ಅಂದ್ರ ಬಲ್ಬು ಹೋಗೇತಿ ಇಲ್ಲಾ ವೈರ್ ಕಡದೈತಿ, ಅದು ಇನ್ನೂ ಕೆಟ್ಟದ್ದು, ಯಾಕಂದ್ರ ನಾಳೆ ಖರೇನ ಪ್ರೆಶರ್ ಬಿದ್ರೂ ನಿಮಗ ಗೊತ್ತಾಗಂಗಿಲ್ಲ. ಅದೇ ವೈರಿನ ಮ್ಯಾಲಿನ ಪ್ಲಾಸ್ಟಿಕ್ ಸುಲದು ಬಾಡಿಗೆ ತಾಗಿದ್ರ ಎಲ್ಲಾ ಸರಿ ಇದ್ರೂ ಲೈಟ್ ಹತ್ತೇ ಇರ್ತೈತಿ.

ಇನ್ನೊಂದು ಮಾತು, ಈ ಸ್ವಿಚ್ ಭಾಳ ತಡಾ ಮಾಡಿ ಹೇಳ್ತೈತಿ. ಸಾಮಾನ್ಯವಾಗಿ 0.3 ರಿಂದ 0.5 ಬಾರ್ ಸುತ್ತ ಪ್ರೆಶರ್ ಇಳಿದಾಗ ಮಾತ್ರ ಲೈಟ್ ಹತ್ತೋದು, ಅಂದ್ರ ನಾಲ್ಕರಿಂದ ಏಳು ಪಿಎಸ್‌ಐ. ಟೈರಿನ್ಯಾಗ 32 ಪಿಎಸ್‌ಐ ಗಾಳಿ ಹಾಕಸ್ತೀವಲ್ಲ, ಅದಕ್ಕ ಹೋಲಿಸಿ ನೋಡ್ರಿ. ಓಡುವಾಗ ಇಂಜಿನ್ನಿಗೆ ಬೇಕಾಗಿದ್ದು ಅದಕಿಂತ ಎಷ್ಟೋ ಪಟ್ಟು, ಮಿಸ್ತ್ರಿಗಳ ಅಂದಾಜಿನ ಲೆಕ್ಕ ಅಂದ್ರ ಸಾವಿರ ಆರ್‌ಪಿಎಂಗೆ (ನಿಮಿಷಕ್ಕ ಸಾವಿರ ಸುತ್ತು) 10 ಪಿಎಸ್‌ಐ. ಹಂಗಾಗಿ ರೋಡ್ ಮ್ಯಾಲೆ ಕೆಂಪು ಲೈಟ್ ಕಂಡ್ರ ಮುಂದಿನ ಪೆಟ್ರೋಲ್ ಬಂಕ್ ಮಟ, ಮುಂದಿನ ಊರ ಮಟ ಅನ್ನೋ ಲೆಕ್ಕ ಬಿಡ್ರಿ. ಆದ್ರ ಓಡುವಾಗ್ಲೇ ಚಾವಿ ತಿರುವಬ್ಯಾಡ್ರಿ, ಸ್ಟೇರಿಂಗ್ ಬಿಗಿ ಆಗ್ತೈತಿ, ಬ್ರೇಕಿಗೆ ಸಿಗೋ ಸಹಾಯ ಎರಡು ಮೂರು ಸಲ ಒತ್ತೋದರಾಗ ಮುಗೀತೈತಿ. ಆಕ್ಸಲರೇಟರ್ ಬಿಟ್ಟು, ಇಂಡಿಕೇಟರ್ ಹಾಕಿ, ಸೈಡಿಗೆ ನಿಂತು ಆಮ್ಯಾಲೆ ಬಂದ್ ಮಾಡ್ರಿ.

ಲೈಟ್ ಯಾವಾಗ ಹತ್ತತೈತಿ ಅನ್ನೋದನ್ನ ನೆನಪಿಟ್ಟು ಮಿಸ್ತ್ರಿಗೆ ಹೇಳಿದ್ರ ಅವರ ಅರ್ಧ ಕೆಲಸ ಮುಗೀತೈತಿ, ಇದನ್ನ ನಾನು ಭಾಳ ಒತ್ತಿ ಹೇಳ್ತೀನಿ. ತಿರುವಿನ್ಯಾಗ, ಬ್ರೇಕ್ ಹಾಕಿದಾಗ ಮಿಣಕ್ ಅಂದು ಹೋದ್ರ ಆಯಿಲ್ ಕಡಿಮಿ ಆಗಿರ್ತೈತಿ, ಚೇಂಬರಿನ್ಯಾಗ ಆ ಕಡೆ ಈ ಕಡೆ ತುಳುಕಿ ಜಾಳಿಗಿ ಗಾಳಿ ಹೀರ್ತೈತಿ. ಗಾಡಿ ಚೊಲೋತಂಗ ಕಾದ ಮ್ಯಾಲೆ ಸಿಗ್ನಲ್‌ನ್ಯಾಗ ನಿಂತಾಗ ಹತ್ತಿ, ಸ್ವಲ್ಪ ರೇಸ್ ಮಾಡಿದ್ರ ಹೋಗ್ತಿದ್ರ ಆಯಿಲ್ ನೀರಾಗೇತಿ, ಇಲ್ಲಾ ಬೇರಿಂಗ್, ಪಂಪು ಸವದಾವು. ನಮ್ಮದು ಇದಕ್ಕ ಉಲ್ಟಾ, ನಿಂತಾಗ ಇಲ್ಲ, ರೇಸ್ ಮಾಡಿದ್ರ ಬರೋದು. ಐಡ್ಲಿಂಗ್‌ನ್ಯಾಗ ಪಂಪು ನಿಧಾನ ತಿರುಗತೈತಿ, ಸಣ್ಣ ಸಂದಿಯಿಂದ ಬಂದಷ್ಟು ಆಯಿಲ್ ಸಾಕಾಗತೈತಿ. ಜೋರ್ ತಿರುಗಿದ್ರ ಆಯಿಲ್ ಹೀರೋ ಕಡೆ ಅಷ್ಟು ಬರಂಗಿಲ್ಲ. ಅಂದ್ರ ಹೀರೋ ಬಾಯಿ ಕಟ್ಟೇತಿ.

ಟೋಯಿಂಗ್ ಗಾಡಿ ಮ್ಯಾಲೆ ಕಾರು ಹೇರಿಕೊಂಡು ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಮಿಸ್ತ್ರಿ ಹತ್ರ ಬಂದಾಗ ರಾತ್ರಿ ಎಂಟು. ಮರುದಿನ ಮುಂಜಾನೆ ಅವರು ಮೊದಲು ಆ ಸ್ವಿಚ್ ಬಿಚ್ಚಿ ಅದರ ಜಾಗಕ್ಕ ಪ್ರೆಶರ್ ಅಳಿಯೋ ಕೈ ಗೇಜ್ ತಿರುವಿದ್ರು. ಇದೇ ಸರಿಯಾದ ಪದ್ಧತಿ, ನಿಮ್ಮ ಮಿಸ್ತ್ರಿ ಗೇಜ್ ಹಾಕದ ಬರೇ ಸ್ವಿಚ್ ಬದಲಿ ಮಾಡಿ ಕಳಿಸಿದ್ರ ಒಪ್ಪಬ್ಯಾಡ್ರಿ. ಐಡ್ಲಿಂಗ್‌ನ್ಯಾಗ ಮುಳ್ಳು ಒಂದು ಬಾರ್ ಹತ್ರ ಇತ್ತು, ಸ್ವಲ್ಪೇ ಸ್ವಲ್ಪ ರೇಸ್ ಮಾಡಿದ್ದಕ್ಕ ಏರೋದು ಬಿಟ್ಟು ಕೆಳಗ ಇಳೀತು. ಅವರು ತಕ್ಷಣ ಬಂದ್ ಮಾಡಿ "ಅಕ್ಕಾರ, ಚೇಂಬರ್ ಎಲ್ಲರ ಬಡದಿತ್ತೇನ್ರಿ?" ಅಂದ್ರು. ನಾನು ಹೊಲದ ದಾರಿ ವಿಷಯ ಹೇಳಲಿಕ್ಕೆ ಬಾಯಿ ತೆಗಿಯೋದ್ರಾಗ ಅವರು ಗಾಡಿ ಕೆಳಗ ಹೋಗಿದ್ರು.

ಚೇಂಬರ್ ಇಳಿಸಿದಾಗ ನೋಡಿದ್ವಿ, ಅಂಗೈ ಅಗಲ ಒಳಗ ನೆಗ್ಗಿತ್ತು, ಒಡದಿರಲಿಲ್ಲ ಅದಕ್ಕ ಸೋರಿರಲಿಲ್ಲ. ನೆಗ್ಗಿದ ತಗಡು ಸೀದಾ ಹೋಗಿ ಜಾಳಿಗಿ ಬಾಯಿಗೆ ಒತ್ಕೊಂಡಿತ್ತು, ಅದರ ಗುರ್ತು ಕೂಡ ಗುಂಡಗ ಮೂಡಿತ್ತು. ಆಯಿಲ್ ಚೇಂಬರ್ ತುಂಬ ಇತ್ತು, ಹೀರಾಕ ಜಾಗ ಇರಲಿಲ್ಲ. ತಗಡು ಒಳಗ ಬಂದಿದ್ದಕ್ಕ ಕಡ್ಡಿ ಮ್ಯಾಲೆ ಆಯಿಲ್ ಇದ್ದಿದ್ದಕಿಂತ ಸ್ವಲ್ಪ ಹೆಚ್ಚ ಕಾಣಿಸಿತ್ತು. ಮಿಸ್ತ್ರಿ ಒಂದು ಬೇರಿಂಗಿನ ಕ್ಯಾಪ್ ತೆಗೆದು ತೋರಿಸಿದ್ರು, ಮ್ಯಾಲಿನ ಬೂದು ಪದರ ಹಂಗ ಇತ್ತು, ತಾಮ್ರ ಕಂಡಿರಲಿಲ್ಲ. ತಾಮ್ರ ಕಂಡ್ರ ಸವದೈತಿ ಅಂತ ಅರ್ಥ. ಅದನ್ನ ನೋಡಿದ ಮ್ಯಾಲೆ ನನಗ ಉಸಿರು ಬಂತು.

ಎಲ್ಲಾ ಗಾಡಿಗೂ ಹಿಂಗ ಆಗ್ತೈತಿ ಅಂತ ಅಲ್ಲ. ಬರೇ ಆಯಿಲ್ ಕಡಿಮಿ ಆಗಿ ಲೈಟ್ ಬರೋದೇ ಹೆಚ್ಚು, ಹಳೇ ಇಂಜಿನ್ ಆಯಿಲ್ ಸುಡ್ತೈತಿ, ಸೈಲೆನ್ಸರಿನಿಂದ ನೀಲಿ ಹೊಗಿ ಬರ್ತೈತಿ, ಇಲ್ಲಾ ಡ್ರೇನ್ ಬೋಲ್ಟಿನ ವಾಷರ್ ಸೋರ್ತೈತಿ. ಆಯಿಲ್ ಚೇಂಜ್ ಮಾಡಿಸೋದು ಮುಂದ ಹಾಕಿ ಹಾಕಿ ಒಳಗ ಜಿಡ್ಡು ಗಟ್ಟಿ ರಾಡಿ ಆದ್ರ ಅದೂ ಜಾಳಿಗಿ ಕಟ್ಟತೈತಿ. 2020ರ ಏಪ್ರಿಲ್ ಆದ ಮ್ಯಾಲೆ ಬಂದ ಬಿಎಸ್6 ಡೀಸೆಲ್ ಗಾಡಿ ಇದ್ದವರು ಇನ್ನೊಂದು ನೋಡ್ಬೇಕು, ದಿನಾ ಊರೊಳಗ ಎರಡು ಮೂರು ಕಿಲೋಮೀಟರ್ ಅಷ್ಟ ಓಡಿಸಿದ್ರ ಸೈಲೆನ್ಸರ್ ಕಡೆ ಇರೋ ಹೊಗಿ ಫಿಲ್ಟರ್ ಪೂರ್ತಿ ಸ್ವಚ್ಛ ಆಗಂಗಿಲ್ಲ, ಅದರಾಗಿನ ಮಸಿ ಸುಡಾಕ ಇಂಜಿನ್ ಹೆಚ್ಚಿಗಿ ಬಿಡೋ ಡೀಸೆಲ್ ಕೆಳಗ ಇಳಿದು ಆಯಿಲ್‌ನ್ಯಾಗ ಕೂಡ್ತೈತಿ, ಆಗ ಕಡ್ಡಿ ಮ್ಯಾಲೆ ಆಯಿಲ್ ಕಡಿಮಿ ಆಗೋದು ಬಿಟ್ಟು ಏರಿರ್ತೈತಿ, ತೆಳ್ಳಗಾಗಿರ್ತೈತಿ. ಆಯಿಲ್ ಹಾಲು ಹಾಕಿದ ಚಾದಂಗ ಕಂಡ್ರ ಕೂಲಂಟ್ ಕೂಡೈತಿ, ಚಾಲೂ ಮಾಡಲೇಬ್ಯಾಡ್ರಿ. 5ಡಬ್ಲ್ಯೂ-30 ಅನ್ನೋ ತೆಳ್ಳನ ಆಯಿಲ್ ಬೇಕಾದ ಇಂಜಿನ್ನಿಗೆ ಬ್ಯಾಸಗಿ ಬಂತು ಅಂತ ದಪ್ಪನ ಆಯಿಲ್ ಹಾಕಸೋದು ನಮ್ಮ ಕಡೆ ಭಾಳ, ಗಾಡಿ ಜೋಡಿ ಕೊಟ್ಟ ಪುಸ್ತಕದಾಗ ಏನ್ ಬರದಾರೋ ಅದನ್ನ ಹಾಕಸ್ರಿ.

ಕಡ್ಡಿ ನೋಡೋದನ್ನೂ ಸರಿಯಾಗಿ ನೋಡ್ರಿ. ಗಾಡಿ ಸಪಾಟ ಜಾಗದಾಗ ನಿಂದ್ರಿಸಿ, ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಎಳೆದು ಅರಿವಿಲೆ ಒರಸಿ, ಪೂರ್ತಿ ಒಳಗ ಹಾಕಿ ತಿರುಗಿ ಎಳೀಬೇಕು. ಮೊದಲನೇ ಸಲ ಎಳೆದದ್ದು ಲೆಕ್ಕ ಅಲ್ಲ. ಎರಡು ಗುರ್ತಿನ ನಡುವ ಇರ್ಬೇಕು, ಭಾಳಷ್ಟು ಕಾರಿನ್ಯಾಗ ಆ ಎರಡರ ನಡುವಿನ ಅಂತರ ಸುಮಾರು ಒಂದು ಲೀಟರ್. ಹೆಚ್ಚ ಹಾಕಿದ್ರ ಒಳ್ಳೇದು ಅನ್ನೋದು ತಪ್ಪು, ಕ್ರ್ಯಾಂಕು ಆಯಿಲ್ ಕಡದು ಬುರುಗು ಎಬ್ಬಸ್ತೈತಿ, ಬುರುಗಿನ್ಯಾಗ ಪ್ರೆಶರ್ ನಿಲ್ಲಂಗಿಲ್ಲ.

ನಮ್ಮ ಕಾರಿಗೆ ಹೊಸಾ ಚೇಂಬರ್, ಹೊಸಾ ಜಾಳಿಗಿ, ಹೊಸಾ ಆಯಿಲ್, ಫಿಲ್ಟರ್ ಹಾಕಿಸಿದ್ವಿ, ಕೆಳಗ ಕಬ್ಬಿಣದ ಗಾರ್ಡೂ ಕೂಡಿಸಿದ್ರು. ಚೇಂಬರಿಗೆ ಹಚ್ಚಿದ ಸೀಲಂಟ್ ಒಣಗಲಿ ಅಂತ ಮಿಸ್ತ್ರಿ ಒಂದಿನ ಗಾಡಿ ಕೊಡಲಿಲ್ಲ, ಅವಸರ ಮಾಡ್ಲಿಲ್ಲ, ಅದು ನನಗ ಸೇರಿತು. ಎಲ್ಲಾ ಕೂಡಿ ಹತ್ತು ಸಾವಿರದೊಳಗ ಮುಗೀತು. ತಗೊಂಡ ದಿನ ನಾನು, ಮೈದುನ ಇಬ್ಬರ ಗದಗಿನ ಮಟ ಹೋಗಿ ಬಂದ್ವಿ, ಹುಲಕೋಟಿ ಹತ್ರ ಎಂಬತ್ತರಾಗ ಓಡುವಾಗೂ ಮೀಟರ್ ನೋಡ್ಕೋತ ಕುಂತಿದ್ದ, ಲೈಟ್ ಬರಲಿಲ್ಲ. ಮನಿಗೆ ಬಂದು ಇಂಜಿನ್ ಕೆಳಗ ಒಂದು ರಟ್ಟು ಹಾಸಿಟ್ಟೆ, ಮುಂಜಾನೆ ಎದ್ದು ನೋಡಿದೆ, ಒಂದು ಹನಿನೂ ಬಿದ್ದಿರಲಿಲ್ಲ.