ಮೇಷ್ಟ್ರ ಕತ್ತರಿ, ಮೇಷ್ಟ್ರ ಮೌನ

ಗೇಮ್ ಡಿಸೈನ್ ಅಂದರೆ ಕಂಪ್ಯೂಟರ್ ಮುಂದೆ ಕೂರುವುದು ಅಂದುಕೊಂಡು ಬಂದವರ ಕೈಗೆ ನಮ್ಮ ಮೇಷ್ಟ್ರು ಮೊದಲ 3 ವಾರ ಕತ್ತರಿ ಕೊಡುತ್ತಿದ್ದರು. ಎ4 ಹಾಳೆಯನ್ನು 3 ಸಲ ಮಡಿಸಿ ಕತ್ತರಿಸಿದರೆ 8 ಚೀಟಿ. 7 ಹಾಳೆಗೆ 56. ಒಂದು ಇಸ್ಪೀಟು ಕಟ್ಟಿನಷ್ಟಾಗಿ ಇನ್ನೂ 4 ಮಿಗುತ್ತವೆ. ಜೊತೆಗೆ 2 ದಾಳ, ಕಾಯಿಗಳ ಬದಲಿಗೆ ಅಂಗಿಯ ಗುಂಡಿ. ನಿಯಮಗಳನ್ನು ಪೆನ್ಸಿಲಿನಲ್ಲೇ ಬರೆಯಬೇಕು, ಒಂದು ಪುಟ ದಾಟಬಾರದು. ಎರಡು ವಾರ ಕೋಡ್ ಬರೆದ ಮೇಲೆ ನಿಯಮವೇ ಸರಿಯಿಲ್ಲ ಅಂತ ಗೊತ್ತಾದರೆ ಅದನ್ನು ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಚೀಟಿಯಾದರೆ ರಬ್ಬರು ಸಾಕು.

ಆಟ ಸಿದ್ಧವಾದ ಮೇಲೆ ಅದನ್ನು ಆಡಿಸಿ ನೋಡುವ ದಿನ ಬರುತ್ತಿತ್ತು. ಆವತ್ತು ಆಟ ಮಾಡಿದವನು ಬಾಯಿ ಬಿಡುವಂತಿಲ್ಲ. ಆಡುವವರ ಹಿಂದೆ, ಅವರ ಕೈ ಕಾಣುವ ಹಾಗೆ ಕೂತು ಬರೆದುಕೊಳ್ಳಬೇಕು: ಎಷ್ಟನೇ ನಿಮಿಷ, ಏನು ಮಾಡಿದರು, ಎಲ್ಲಿ ಕೈ ತಡವರಿಸಿತು. ಗುಂಡಿಯ ಮೇಲೆ ಬೆರಳಿಟ್ಟು ಹಿಂದಕ್ಕೆಳೆದರೆ ಅದನ್ನೂ ಬರೆಯಬೇಕು. ಮುಗಿದ ಮೇಲೆ ‘ಚೆನ್ನಾಗಿತ್ತಾ?’ ಅಂತ ಕೇಳಿದರೆ ಮೇಷ್ಟ್ರು ಆ ಪುಟವನ್ನೇ ಹೊಡೆದು ಹಾಕುತ್ತಿದ್ದರು. ಆ ಪ್ರಶ್ನೆಗೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ. ‘ಇನ್ನೊಂದು ಸಲ ಆಡಿದರೆ ಯಾವ ನಡೆ ಬದಲಾಯಿಸ್ತೀಯ?’ ಅಂತ ಕೇಳಬೇಕು. ಉತ್ತರವೇ ಇಲ್ಲದಿದ್ದರೆ ಆಟದಲ್ಲಿ ಆಯ್ಕೆಯೇ ಇಲ್ಲ, ದಾಳ ಉರುಳಿಸುವುದಷ್ಟೇ ಇದೆ ಅಂತ ಅರ್ಥ.

ಒಂದು ಸಲಕ್ಕೆ ಒಂದೇ ಬದಲಾವಣೆ. ಅದೂ ದೊಡ್ಡದಾಗಿರಬೇಕು: ಶತ್ರುವಿನ ಶಕ್ತಿ 10 ಇದ್ದರೆ 11 ಮಾಡಿ ನೋಡುವುದಲ್ಲ, 20 ಅಥವಾ 5 ಮಾಡುವುದು. 1991ರ ಸಿವಿಲೈಜೇಶನ್ ಅನ್ನುವ ಕಂಪ್ಯೂಟರ್ ಆಟದ ವಿನ್ಯಾಸಕ ಸಿಡ್ ಮೈಯರ್ ಪಾಲಿಸುತ್ತಿದ್ದ ಪದ್ಧತಿ ಇದು. ಸಣ್ಣ ಬದಲಾವಣೆ ಮಾಡಿದರೆ ಕಾರಣ ಅದೇನಾ, ಆಡಿದವನ ಅದೃಷ್ಟವಾ ಅಂತ ಗೊತ್ತಾಗುವುದಿಲ್ಲ.

ಕಂಪ್ಯೂಟರಿಗೆ ಬಂದ ಮೇಲೆ ಅವರ ಹಟ ಇನ್ನೂ ಸೂಕ್ಷ್ಮವಾಗುತ್ತಿತ್ತು. ಸಹಪಾಠಿಯೊಬ್ಬಳ ಜಿಗಿಯುವ ಆಟದಲ್ಲಿ ಎಲ್ಲರೂ ಕಟ್ಟೆಯಂಚಿನಿಂದ ಬೀಳುತ್ತಿದ್ದರು, ಎಲ್ಲರ ದೂರೂ ಒಂದೇ: ‘ನಾನು ಒತ್ತಿದ್ದೆ!’ ಕೋಡಿನಲ್ಲಿ ತಪ್ಪಿರಲಿಲ್ಲ. ಮೇಷ್ಟ್ರು ಪರದೆಯೂ ಹೆಬ್ಬೆರಳೂ ಒಟ್ಟಿಗೆ ಕಾಣುವಂತೆ ಫೋನಿನಲ್ಲಿ ಚಿತ್ರೀಕರಿಸಿ, ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಬಿಡಿ ಚಿತ್ರ, ಸರಿಸಿ ತೋರಿಸಿದರು. ಕಾಲು ಅಂಚು ಬಿಟ್ಟು 4 ಫ್ರೇಮ್ ಆದ ಮೇಲೆ ಬೆರಳು ಇಳಿದಿತ್ತು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದಕ್ಕೆ ಸುಮಾರು 16.7 ಮಿಲಿಸೆಕೆಂಡು, ತಡವಾದದ್ದು 67. ಅಷ್ಟು ತಡ ಆಡುವವನ ಅರಿವಿಗೇ ಬರುವುದಿಲ್ಲ.

ಪರಿಹಾರ: ಅಂಚು ಬಿಟ್ಟ ಮೇಲೂ 100 ಮಿಲಿಸೆಕೆಂಡು ಜಿಗಿಯಲು ಬಿಡುವುದು. ಇದಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ, ಬಂಡೆಯಂಚು ದಾಟಿಯೂ ಗಾಳಿಯಲ್ಲಿ ಓಡುವ ಕಾರ್ಟೂನ್ ಕಯೋಟಿಯ (ತೋಳದ ಜಾತಿಯ ಪ್ರಾಣಿ) ಹೆಸರು. ನೆಲ ಮುಟ್ಟುವ ಮುಂಚೆಯೇ ಗುಂಡಿ ಒತ್ತಿದರೆ ಅದನ್ನೂ ಅಷ್ಟೇ ಹೊತ್ತು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಜಿಗಿಸಬೇಕು. ಎಡವುವುದು ಎರಡು ಕಡೆ. ಜಿಗಿದ ತಕ್ಷಣ ಆ 100 ಮಿಲಿಸೆಕೆಂಡು ಎಣಿಸುವ ಟೈಮರನ್ನು ಸೊನ್ನೆ ಮಾಡದಿದ್ದರೆ ಗಾಳಿಯಲ್ಲೇ ಎರಡನೇ ಜಿಗಿತ ಸಿಕ್ಕಿಬಿಡುತ್ತದೆ. ಇನ್ನೊಂದು, ಸಮಯದ ಬದಲು ‘6 ಫ್ರೇಮ್’ ಅಂತ ಎಣಿಸಿದರೆ ಆಟ ಸೆಕೆಂಡಿಗೆ 144 ಫ್ರೇಮಿನಲ್ಲಿ ಓಡುವಾಗ ಅದು 42 ಮಿಲಿಸೆಕೆಂಡಿಗೆ ಇಳಿದು ಹಳೆಯ ದೂರು ಮತ್ತೆ ಶುರು.

ಅದೃಷ್ಟದ ಲೆಕ್ಕದಲ್ಲೂ ಅವರದು ಇದೇ ದಾರಿ. ಪೆಟ್ಟಿಗೆಯಲ್ಲಿ ಬಹುಮಾನ ಸಿಗುವ ಸಾಧ್ಯತೆ ಶೇ. 25 ಇಟ್ಟರೆ, ನಾಲ್ಕು ತೆರೆದವನು ಒಂದಾದರೂ ಸಿಗಲೇಬೇಕು ಅಂದುಕೊಳ್ಳುತ್ತಾನೆ. ಸಿಗದಿರುವ ಸಾಧ್ಯತೆ 0.75, ಅದನ್ನು 4 ಸಲ ಗುಣಿಸಿ ಅಂತಿದ್ದರು: 0.316. ಮೂವರಲ್ಲಿ ಹೆಚ್ಚುಕಡಿಮೆ ಒಬ್ಬ ಬರಿಗೈಯಲ್ಲಿ ಎದ್ದು ಹೋಗಿ, ಆಟ ಮೋಸ ಮಾಡುತ್ತಿದೆ ಅನ್ನುತ್ತಾನೆ. ಅದಕ್ಕೆ ಚೀಟಿ ಎತ್ತಿಸುವುದು ಮೇಲು: 8 ಚೀಟಿಯಲ್ಲಿ 2 ಬಹುಮಾನ, ಎತ್ತಿದ್ದನ್ನು ವಾಪಸ್ ಹಾಕದೆ, ಎಂಟೂ ಮುಗಿದ ಮೇಲಷ್ಟೇ ಮತ್ತೆ ಕಲಸುವುದು. ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಆಟ ಟೆಟ್ರಿಸ್ ಕೂಡ ಈಗ ತನ್ನ 7 ಆಕಾರಗಳನ್ನು ಹೀಗೆಯೇ ಚೀಲದಿಂದ ಎತ್ತಿದಂತೆ ಕೊಡುತ್ತದೆ. 4 ಚೀಟಿ, 1 ಬಹುಮಾನ ಇಟ್ಟರೆ ಮಾತ್ರ ಆಡುವವನು ಬೇಗ ಲೆಕ್ಕ ಹಿಡಿದುಬಿಡುತ್ತಾನೆ.

ಕಥೆ, ಸಂಗೀತದ ವಿಷಯದಲ್ಲಿ ಮೇಷ್ಟ್ರು ಸ್ವಲ್ಪ ಜಿಪುಣರೇ. ಅವೆರಡನ್ನೂ ಕೊನೆಗೆ ಹಚ್ಚುವ ಬಣ್ಣ ಅಂತ ತಿಳಿದಿದ್ದರು. ಅದು ತಪ್ಪೆಂದೇ ನಮ್ಮ ಅಭಿಪ್ರಾಯ, ಜಿಗಿತಕ್ಕೊಂದು ಸಣ್ಣ ಸದ್ದು ಸೇರಿದರೂ ಆಟ ಬೇರೆಯಾಗುತ್ತದೆ. ಆದರೆ ಕೈಬಿಡುವುದನ್ನು ಕಲಿಸುವುದರಲ್ಲಿ ಅವರಿಗೆ ಸಾಟಿಯಿಲ್ಲ. ಪ್ರಾಜೆಕ್ಟಿನ ಮೊದಲ ದಿನ ಬೇಕೆನಿಸಿದ್ದನ್ನೆಲ್ಲ ಬರೆಸುತ್ತಿದ್ದರು: ಅಂಗಡಿ, ಹವಾಮಾನ, ಆನ್‌ಲೈನ್ ಆಟ, 20 ಹಂತ. ‘ಇದಿಲ್ಲದೆ ಆಡಬಹುದಾ?’ ಅಂತ ಒಂದೊಂದನ್ನೂ ಕೇಳಿ, ಆಡಬಹುದಾದದ್ದಕ್ಕೆಲ್ಲ ಗೆರೆ ಎಳೆಯುತ್ತಿದ್ದರು. ಸಾಮಾನ್ಯವಾಗಿ ಒಂದು ಜಿಗಿತ, ಒಂದು ಶತ್ರು, 3 ಹಂತ ಉಳಿಯುತ್ತಿದ್ದವು. ಆಮೇಲೆ ಆ ಪಟ್ಟಿಯ ಹಾಳೆಯನ್ನೇ 3 ಸಲ ಮಡಿಸಿ, ಕತ್ತರಿಸಿ, ಖಾಲಿ ಬೆನ್ನಿನ 8 ಚೀಟಿಗಳನ್ನು ಕೈಗಿಡುತ್ತಿದ್ದರು.